ಒಗೆಯುವ ಕಲ್ಲು

ಈ ಬೆಳಿಗ್ಗೆ ನನ್ನ ಹೆಂಡತಿ ಗೌರಮ್ಮ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟಳು. ಜಜ್ಜಿದ ಶುಂಠಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಲೋಟ ಕೈಯಲ್ಲೇ ಉಳಿಯಿತು. ನಿಮಗೂ ಹೀಗಾಗುತ್ತದೋ ಏನೋ, ವಯಸ್ಸಾದಂತೆ ನಾಲಿಗೆಗಿಂತ ಮೂಗಿಗೇ ನೆನಪು ಜಾಸ್ತಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಪಂಚನಹಳ್ಳಿ ಹತ್ತಿರದ ನಮ್ಮೂರ ಗೋಮಾಳದಲ್ಲಿ, ನಮ್ಮ ಮನೆಯ ಎದುರಿಗೇ, ಒಂದು ಮಾಸ್ತಿಕಲ್ಲು ನಿಂತಿತ್ತು. ಗಂಡನ ಜೊತೆ ಚಿತೆಯೇರಿದ ಯಾವ ಹೆಣ್ಣುಮಗಳ ನೆನಪಿಗೋ ನಿಲ್ಲಿಸಿದ್ದು; ಬಳೆ ತೊಟ್ಟ ಕೈ ಮೇಲೆತ್ತಿದ ಹೆಂಗಸು. ಮದುವೆಯಾಗಿ ಬಂದ ಹೊಸದರಲ್ಲಿ ಗೌರಮ್ಮನಿಗೆ ಊರಲ್ಲಿ ಮಾತಾಡುವವರಿರಲಿಲ್ಲ. ಶುಕ್ರವಾರ ಕುಂಕುಮ ಇಡಲು ಹೋದವಳು ಅಲ್ಲೇ ಕೂತು ದೂರು ಹೇಳಿ ಹಗುರಾಗಿ ಬರುತ್ತಿದ್ದಳು. "ಇವತ್ತು ನನ್ನ ಪಾಲು ಎಷ್ಟಿತ್ತು?" ಎಂದು ಕೆಣಕಿದರೆ, "ಎಲ್ಲಾ ನಿಮ್ದೇ. ಅತ್ತೆಮ್ಮನ ಸರದಿನೇ ಬರ್ಲಿಲ್ಲ" ಎನ್ನುತ್ತಿದ್ದಳು.

ಆ ಗೋಮಾಳಕ್ಕೆ ತೆಂಗಿನ ನಾರಿನ ಕಾರ್ಖಾನೆ ಬರುತ್ತದೆಂದಾಯಿತು. ಹತ್ತನೇ ತರಗತಿ ಓದಿ ರಾಗಿ ಬಿತ್ತುತ್ತಿದ್ದ ನನಗೆ ವಾಚ್‌ಮನ್ ಕೆಲಸ ಕೊಡುವ ಮಾತಾಗಿತ್ತು. ಖಾಕಿಯಲ್ಲಿ ಹೇಗೆ ಕಾಣುತ್ತೇನೆಂದು ಕನ್ನಡಿಯ ಮುಂದೆ ನಿಂತು ನೋಡಿಕೊಂಡದ್ದೂ ಉಂಟು, ಖಾಕಿ ಇನ್ನೂ ಬಂದಿರಲಿಲ್ಲ ಅಷ್ಟೆ. ಅಷ್ಟರಲ್ಲಿ, ಜಾಗದಲ್ಲಿ ಹಳೆಯದೇನಾದರೂ ಇದೆಯೇ ಎಂದು ನೋಡಲು ಸರ್ಕಾರದವರೊಬ್ಬರು ಬರುತ್ತಾರೆಂಬ ಸುದ್ದಿ ಬಂತು. ಕೆತ್ತಿದ ಕಲ್ಲು ಕಂಡರೆ ಕಾರ್ಖಾನೆ ಬೇರೆ ಊರಿಗೆ ಹೋಗುತ್ತದಂತೆ. ಗೌರಮ್ಮ ಕಡೂರಿನ ಸಂತೆಗೆ ಬಸ್ಸು ಹತ್ತಿದ ಮೇಲೆ, ನಾನೂ ನನ್ನ ತಮ್ಮನೂ ಹಾರೆ ಹಾಕಿ ಕಲ್ಲನ್ನು ಮುಖ ಕೆಳಗಾಗಿ ಕೆಡವಿದೆವು. ಬೆನ್ನಿನ ಮೇಲೆ ಸೋಪಿನ ಚೂರು, ಒದ್ದೆ ಪಂಚೆ ಇಟ್ಟೆ. ಒಗೆಯುವ ಕಲ್ಲಾಯಿತು. ಸಂತೆಯಿಂದ ಬಂದವಳು ಅದನ್ನು ನೋಡಿದಳು, ಚೀಲ ಒಳಗಿಟ್ಟಳು, ಒಲೆ ಹಚ್ಚಿದಳು.

ಮರುದಿನ ಬಂದ ಸಾಹೇಬರು ಬಿದ್ದುಹೋದ ಮೂಗುತಿ ಹುಡುಕುವವರಂತೆ ತಲೆ ಬಗ್ಗಿಸಿ ಗೋಮಾಳವೆಲ್ಲ ನಡೆದರು. ಮಡಕೆ ಚೂರು ಸಿಕ್ಕರೆ ಅಂಗಿಗೆ ಒರೆಸಿ ನೋಡುತ್ತಿದ್ದರು. "ಕಲ್ಲು ಸಿಕ್ಕಿದ್ರೆ ಸಾಲದು ಕಣಪ್ಪ. ಎಲ್ಲಿ ನಿಂತಿತ್ತು, ಯಾವ ಕಡೆ ನೋಡ್ತಿತ್ತು, ಅದೂ ಗೊತ್ತಾಗ್ಬೇಕು" ಎಂದರು. ದಣಿದು, ನಾನಿಟ್ಟಿದ್ದ ಪಂಚೆ ಸರಿಸಿ, ಕೂತದ್ದು ಅದೇ ಕಲ್ಲಿನ ಮೇಲೆ.

ಗೌರಮ್ಮ ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ ತಂದಳು. "ಏಳಿ ಸ್ವಾಮಿ, ಅಲ್ಲಿ ಕೂರ್ಬ್ಯಾಡಿ. ಒದ್ದೆ ಐತೆ."

ಅವರು ಕೈಯಿಂದ ಸವರಿ ನೋಡಿದರು. "ಒಣಗಿದೆಯಲ್ಲಮ್ಮ."

"ಆದ್ರೂ ಏಳಿ."

ಪಾಪ, ಎದ್ದು ನಿಂತೇ ಕುಡಿದರು. ಲೋಟ ಕೊಡುತ್ತ ಕೇಳಿದರು: "ಇಲ್ಲಿ ಕೆತ್ತನೆ ಕಲ್ಲು ಏನಾದ್ರೂ ಇದೆಯೇನಪ್ಪಾ?"

"ಇದ್ದಿದ್ರೆ ನಾನೇ ತೋರಿಸ್ತಿದ್ದೆ ಸಾರ್."

"ನೀವೇನಾದ್ರೂ ಕಂಡಿದ್ದೀರೇನಮ್ಮ?"

ಅವಳು ನನ್ನನ್ನು ನೋಡಿದಳು. ನಾನು ಬೇವಿನ ಮರ ನೋಡಿದೆ. "ನಮ್ಮನೆಯವ್ರು ಹೇಳಿದ್ರಲ್ಲ ಸ್ವಾಮಿ" ಎಂದು ಲೋಟ ಎತ್ತಿಕೊಂಡು ಹೋದಳು. ಸುಳ್ಳು ಹೇಳಲಿಲ್ಲ, ನನ್ನನ್ನೂ ಬಿಟ್ಟುಕೊಡಲಿಲ್ಲ.

ಕಾರ್ಖಾನೆ ಬಂತು, ಖಾಕಿಯೂ ಬಂತು. ಪಾಯ ತೆಗೆದವರು ಕಲ್ಲನ್ನು ಕಾಂಪೌಂಡಿನ ಮೂಲೆಗೆ ಎಳೆದು ಹಾಕಿದರು, ಕವುಚಿದ ಹಾಗೆಯೇ. ವರ್ಷಗಟ್ಟಲೆ ಅದನ್ನೂ ಸೇರಿಸಿ ಕಾವಲು ಕಾದೆ. ಗೌರಮ್ಮನ ದೂರು ಕೇಳುವವರು ಯಾರೂ ಉಳಿಯಲಿಲ್ಲ. ನನಗಾದರೂ ಹೇಳುತ್ತಾಳೆಂದು ಕಾದೆ, ಹೇಳಲಿಲ್ಲ.

ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಮೊನ್ನೆ ಗೋಡೆ ಕೆಡವಲು ಬಂದ ಜೆಸಿಬಿ ಹುಡುಗನಿಗೆ ಕೈಮುಗಿದು ಕಲ್ಲನ್ನು ಮೇಲ್ಮುಖ ಮಾಡಿಸಿ, ಗೌರಮ್ಮನನ್ನು ಕರೆದುಕೊಂಡು ಹೋದೆ. ಬಳೆಯ ಗೆರೆಗಳೂ ಅಳಿಸಿರಲಿಲ್ಲ. ಸೆರಗಿನಿಂದ ಮಣ್ಣು ಒರೆಸುತ್ತ ಒಂದೇ ಮಾತು ಕೇಳಿದಳು:

"ಯಾವ ಕಡೆ ನೋಡ್ತಿದ್ಲು, ಗ್ಯಾಪ್ಕ ಐತಾ ನಿಮ್ಗೆ?"

ಐತೆ, ಅಂದೆ. "ಹಂಗಾರೆ ಬರ್ದಾದ್ರೂ ಇಡಿ" ಅಂದಳು.

ಆ ಸಾಹೇಬರು ಈಗ ಎಲ್ಲಿದ್ದಾರೋ. ಅವರಿಗೆ ಹೇಳಬೇಕಾದದ್ದನ್ನು ನಿಮಗೆ ಹೇಳುತ್ತಿದ್ದೇನೆ. ಕಲ್ಲಿನ ಆ ಹೆಂಗಸು ನಿಂತಿದ್ದು ಕಾರ್ಖಾನೆಯವರು ನಾರು ಒಣಗಿಸುತ್ತಿದ್ದ ಸಿಮೆಂಟಿನ ಅಂಗಳದ ನಟ್ಟನಡುವೆ, ಬೇವಿನ ಮರಕ್ಕೆ ತುಸು ಪೂರ್ವಕ್ಕೆ. ನೋಡುತ್ತಿದ್ದದ್ದು ನಮ್ಮ ಮನೆಯ ಬಾಗಿಲನ್ನು.

ಇಷ್ಟು ಬರೆದು ಎದ್ದೆ. ಮಜ್ಜಿಗೆಯನ್ನು ನಿಂತೇ ಕುಡಿದೆ.