ಕಿಟಕಿಗೆ ಹಿಡಿದ ಮುಖ

ಹೆರಿಗೆಗೆಂದು ಯಾರ ಮನೆಗೆ ಹೋದರೂ ಸರ್ಕಾರಿ ದಾದಿ ಕರುಣಮ್ಮ ಮೊದಲು ನೋಡುತ್ತಿದ್ದುದು ಬಸುರಿಯನ್ನಲ್ಲ, ಕಿಟಕಿಯನ್ನು. ಆಗೆಲ್ಲ ಶಿಕಾರಿಪುರದಲ್ಲಿ ಗಾಳಿ ಬೆಳಕು ತಾಗಬಾರದೆಂದು ಹೆರಿಗೆ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಸಂದಿಗಳಿಗೂ ಬಟ್ಟೆ ತುರುಕುತ್ತಿದ್ದರು. ಕರುಣಮ್ಮ ಮಾತ್ರ ಮಗು ಹುಟ್ಟಿದ ಕೂಡಲೇ ಕಂಬಳಿಯ ಮೂಲೆ ಸರಿಸಿ ಅದರ ಮುಖವನ್ನು ಬೆಳಕಿಗೆ ಹಿಡಿಯುತ್ತಿದ್ದರು. ಮುದುಕಿಯರು ರೇಗಿದರೆ, "ಬಿಸಿಲೇನು ಕಚ್ಚಂಗಿಲ್ಲ ಬಿಡ್ರಿ ಅವ್ವಾರೆ" ಎಂದು ಎಲೆ ಅಡಿಕೆಯ ಬಾಯಿ ತುಂಬ ನಗುತ್ತಿದ್ದರು.

ಅವರು ಕ್ರೈಸ್ತರು. ಯಾರಿಗೂ ಬೋಧನೆ ಮಾಡಿದವರಲ್ಲ. ಕೇಳಿದರೆ ಮಾತ್ರ ಹೇಳುತ್ತಿದ್ದರು: "ನಮ್ಮ ಶಾಸ್ತ್ರದಾಗೆ ಜೀವನೇ ಬೆಳಕು ಅಂತ ಐತ್ರೀ. ಪ್ರತಿ ಕೂಸೂ ತನ್ನ ಪಾಲಿಂದು ತಗೊಂಡೇ ಬರ್ತೈತೆ. ಅದನ್ನ ಕಂಬಳಿಯಾಗೆ ಮುಚ್ಚಿಡಾಕೆ ನಾನ್ಯಾರು?"

ಕನ್ನಡ ನಾಡು ಒಂದಾದ ಮರುವರ್ಷ ನನ್ನ ಚೊಚ್ಚಲು. ಸೊರಬದ ಗಂಡನ ಮನೆಯಿಂದ ಶಿಕಾರಿಪುರದ ತವರಿಗೆ ಬಂದಿದ್ದೆ. ಮಧ್ಯಾಹ್ನ ಮಗು ಹುಟ್ಟಿತು, ಅಳಲಿಲ್ಲ. ಕರುಣಮ್ಮ ಬೆನ್ನು ತಟ್ಟಿದರು, ಬಾಯಿಗೆ ಬಾಯಿಟ್ಟು ಊದಿದರು. ಆಮೇಲೆ ಅವರ ಕೈ ನಿಂತಿತು. ನಮ್ಮಲ್ಲಿ ಸತ್ತು ಹುಟ್ಟಿದ ಮಗುವನ್ನು ತಾಯಿಗೆ ತೋರಿಸುವುದಿಲ್ಲ. ಹಿತ್ತಿಲ ಬಾಗಿಲಿಂದ ಒಯ್ದು, ಆ ಮಾತನ್ನು ಅಲ್ಲಿಗೇ ಮುಗಿಸುತ್ತಾರೆ. ಅವ್ವ ಹಳೆಯ ಸೀರೆಯ ತುಂಡು ಹಿಡಿದು ನಿಂತಿದ್ದಳು.

"ಇತ್ತ ಕೊಡ್ರಿ. ಆಕಿ ನೋಡೋದು ಬ್ಯಾಡ."

ಕರುಣಮ್ಮ ಕಿಟಕಿಯತ್ತ ನಡೆದರು. ಕಂಬಳಿಯನ್ನು ಪೂರ್ತಿ ಕಿತ್ತೆಳೆದು, ಮಗುವನ್ನು ನನ್ನ ತೋಳಿಗಿಟ್ಟರು. "ನೋಡು ಮಗಳೇ. ಹೆಣ್ಣು. ನಿನ್ನದೇ ಹಣೆ."

ಬಿಸಿಲು ಅದರ ಮುಖದ ಮೇಲೆ ಬಿತ್ತು. ಎಡಗಿವಿ ತುದಿಯಲ್ಲಿ ಮಡಚಿಕೊಂಡಿತ್ತು. ಅವ್ವ ಮುಖ ತಿರುಗಿಸಿಕೊಂಡೇ ಬಟ್ಟೆ ಸುತ್ತಿ ಒಯ್ದಳು.

ದಾದಿಯೇ ಹಸಿಕೂಸಿಗೆ ಬೆಳಕು ತಾಗಿಸಿ ಕೊಂದಳು ಎಂದು ಅವ್ವ ಕೇರಿಯೆಲ್ಲ ಹೇಳಿಕೊಂಡು ಬಂದಳು. ಸಂಕಟಕ್ಕೆ ಯಾರಾದರೊಬ್ಬರು ಬೇಕಿತ್ತು ಅವಳಿಗೆ. ಕರುಣಮ್ಮನನ್ನು ಕರೆಯುವವರು ಕಡಿಮೆಯಾದರು. ಕೊನೆಗೆ ಅವರಿಗೆ ಸೊರಬಕ್ಕೇ ವರ್ಗವಾಯಿತು. ಒಂದು ಸಂಜೆ ಅಲ್ಲಿ ನನ್ನ ಗಂಡನ ಮನೆಯ ಜಗಲಿಗೆ ಬಂದು ಕೂತಾಗ ನಾನು ಸಿಟ್ಟಿನಿಂದಲೇ ಕೇಳಿದೆ: "ನಿಮ್ಮ ಶಾಸ್ತ್ರದ ಬೆಳಕು ನನ್ನ ಮಗಳ ಪಾಲಿಗೆ ಎಲ್ಲಿ ಹೋಯ್ತು?"

ಅವರು ಎಲೆ ಅಡಿಕೆಯ ಚೀಲ ಬದಿಗಿಟ್ಟರು. "ಗೊತ್ತಿಲ್ಲ ಮಗಳೇ. ಕತ್ತಲೆ ಅದನ್ನ ಗೆಲ್ಲಾಕಿಲ್ಲ ಅಂತ ದಿನಾ ಓದ್ತೀನಿ. ಓದಿ ಕಣ್ಣು ಮುಚ್ಚಿದ್ರೆ ಆ ಮುಖನೇ ಬರ್ತೈತೆ." ಆಮೇಲೆ ಮೆಲ್ಲಗೆ, "ಎಡಗಿವಿ ಮಡಚಿತ್ತು, ಅಲ್ಲೇನು?" ಎಂದರು.

ಅದುವರೆಗೆ ಯಾರೂ ನನ್ನೆದುರು ನನ್ನ ಮಗಳ ಬಗ್ಗೆ ಒಂದು ಮಾತು ಆಡಿರಲಿಲ್ಲ. ಗಂಡನೂ ಆಡಿರಲಿಲ್ಲ. ಕಂಬ ಹಿಡಿದು ಅತ್ತುಬಿಟ್ಟೆ. ಆಮೇಲೆ ನನ್ನ ಎರಡು ಹೆರಿಗೆಗಳನ್ನೂ ಅವರೇ ಮಾಡಿಸಿದರು, ಎರಡೂ ಮಕ್ಕಳನ್ನು ಕಿಟಕಿಗೆ ಹಿಡಿದರು. ಆದರೆ ಜಗಲಿಗೆ ಬಂದಾಗಲೆಲ್ಲ ನಾವು ಮಾತಾಡುತ್ತಿದ್ದುದು ಮೊದಲನೆಯವಳ ಬಗ್ಗೆ. ಕೂದಲು ಎಷ್ಟಿತ್ತು, ತುಟಿ ಹೇಗಿತ್ತು ಎಂದು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಹೇಳುತ್ತಿದ್ದೆವು. ಆ ಹೊತ್ತಿನಲ್ಲಿ ಅವಳು ಇಲ್ಲೇ ಎಲ್ಲೋ ಬಾಗಿಲ ಹಿಂದೆ ನಿಂತಿರುವಂತೆ ಅನ್ನಿಸುತ್ತಿತ್ತು.

ಒಂದು ಚಳಿಗಾಲ ಜ್ವರ ಬಂದು ಕರುಣಮ್ಮ ತೀರಿಕೊಂಡರು. ಸುದ್ದಿ ನಮ್ಮ ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ನಾನು ಒಳಕೋಣೆಗೆ ಹೋಗಿ ಕಿಟಕಿ ತೆರೆದೆ. ಹೊರಗೆ ಚೆನ್ನಾಗಿ ಬಿಸಿಲಿತ್ತು. ಆ ಮುಖ ನೋಡಿದವಳು ಇನ್ನು ನಾನೊಬ್ಬಳೇ. ಬಲಗಿವಿ ಹೇಗಿತ್ತು ಎಂದು ನೆನಪಾಗಲಿಲ್ಲ, ಕೇಳಲು ಯಾರೂ ಇರಲಿಲ್ಲ.