ಬೆಳೆಯುತ್ತಿದೆ ಎಂದು ಬರೆದೆ

ಮೊನ್ನೆ ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಯಾರೋ ಗೇಟಿಗೆ ಬಿಳಿ ಪೇಂಟ್ ಹಚ್ಚುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದಾಗ ಕಾಕಾ ನೆನಪಾದರು. ಜೊತೆಗೆ ಹಳೆಯ ಸಿಟ್ಟೂ ಬಂತು.

ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದ ಆ ಹಿರಿಯರು ಪಕ್ಕದ ಮಹಾಗಾಂವದವರು. ಕುರಿ ಕಾಯುತ್ತ ಆಜರಾ ಕಡೆಯ ಬೆಟ್ಟಗಳನ್ನೆಲ್ಲ ತಿರುಗಿದವರು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಆ ಬೆಟ್ಟಗಳ ಒಂದು ಖಾಸಗಿ ಕಾಡಿನಲ್ಲಿ ದೊಡ್ಡ ಮರಗಳನ್ನಷ್ಟೇ ಆರಿಸಿ ಕಡಿದು ಸಾಗಿಸಿದ್ದರು. ಉಳಿದ ಕಾಡು ಹೇಗೆ ಚೇತರಿಸಿಕೊಳ್ಳುತ್ತದೆ, ಗಾಳಿಯ ಇಂಗಾಲ ಮತ್ತೆ ಎಷ್ಟು ಕಟ್ಟಿಗೆಯಾಗಿ ಕೂಡುತ್ತದೆ ಎಂದು ತಿಳಿಯಲು ಪ್ರತಿ ಚಳಿಗಾಲ ಮರಗಳ ಸುತ್ತಳತೆ ತೆಗೆಯುತ್ತಿದ್ದೆವು. ಕಾಕಾ ಟೇಪು ಸುತ್ತಿ ಅಳತೆಯ ಜಾಗಕ್ಕೆ ಬಿಳಿ ಪಟ್ಟಿ ಬಳಿಯುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಬಿಸಿಲು ಬಿದ್ದಲ್ಲೆಲ್ಲ ಮೆತ್ತನೆ ಕಟ್ಟಿಗೆಯ ಮರಗಳು ಸರಸರ ಎದ್ದವು. ನನ್ನ ಲೆಕ್ಕ ಏರುತ್ತ ಹೋಯಿತು, ನಾನು ಹಿಗ್ಗಿದೆ. ಕಾಕಾ ಮಾತ್ರ ಒಂದು ನೇರಳೆ ಮರದ ಮುಂದೆ ನಿಂತುಬಿಟ್ಟರು. ದಿಮ್ಮಿ ಎಳೆಯುವಾಗ ಅದರ ತೊಗಟೆ ಸುಲಿದುಹೋಗಿತ್ತು.

"ಮಾಸ್ತರ್ರ, ಇದು ಒಳಗಿಂದ ಸಾಯಾಕತ್ತೈತ್ರಿ. ಇಂಥಾವು ಭಾಳ ಅದಾವ. ಇದನ್ನೂ ಬರಕೊಳ್ರಿ."

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆದರೆ ಅರಣ್ಯ ಇಲಾಖೆಯ ಕಚೇರಿಯವರು ಒಂದೇ ಪುಟದ ವರದಿ ಕೇಳಿದಾಗ ಅದನ್ನು ಬಿಟ್ಟೆ. ಗಟ್ಟಿ ಮರಗಳು ಹಿಂದಿನ ಗಾತ್ರಕ್ಕೆ ಬರಲು ಒಂದೆರಡು ತಲೆಮಾರೇ ಬೇಕು ಎಂಬುದನ್ನೂ ಬಿಟ್ಟೆ. "ಕಾಡು ವೇಗವಾಗಿ ಬೆಳೆಯುತ್ತಿದೆ" ಎಂದು ಬರೆದು ಸಹಿ ಹಾಕಿದೆ... ಜಾಗ ಸಾಲಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಎಂಥ ಸುಳ್ಳು!

ಮರುವರ್ಷ ನಾವು ಹೋದಾಗ ಗರಗಸದ ಯಂತ್ರಗಳು ಒದರುತ್ತಿದ್ದವು. ನಮ್ಮ ಬಿಳಿ ಪಟ್ಟಿಯ ಮರಗಳೇ ನೆಲಕ್ಕೆ ಬಿದ್ದಿದ್ದವು. ಕಾಕಾ ಓಡಿಹೋಗಿ ಗುತ್ತಿಗೆದಾರನ ಮನುಷ್ಯನನ್ನು ತಡೆದರು. ಅವನು ನಕ್ಕು ಮರ ಕಡಿಯುವ ಪರವಾನಗಿಯ ಕಾಗದ ಚಾಚಿದ. ಅದಕ್ಕೆ ನನ್ನ ವರದಿಯನ್ನು ಲಗತ್ತಿಸಿದ್ದರು.

"ಏನ ಬರದಾರ್ರೀ ಇದರಾಗ?" ಕಾಕಾ ನನ್ನನ್ನು ಕೇಳಿದರು.

ಓದಿ ಹೇಳಿದೆ.

"ಸಹಿ ನಿಮ್ದೇನ್ರಿ?"

"ಹೌದು ಕಾಕಾ."

ಅವರು ಟೇಪನ್ನು ನನ್ನ ಕೈಗಿಟ್ಟರು. "ಬೆಳ್ಯಾಕತ್ತೈತಿ ಅಂತ ನೀವು ಬರದ್ರಿ. ಬೆಳದೈತಿ ಅಂತ ಅವರು ಓದ್ಯಾರ. ಅವರಿಗಂತೂ ಕಟಗಿ ಬೇಕಾಗಿತ್ತು. ನಿಮಗ ಏನ ಬೇಕಾಗಿತ್ರಿ?"

ಕಚೇರಿಗೆ ಹೋಗಿ ಕೂಗಾಡಿದೆ. ಸಾಹೇಬರು ಕುರ್ಚಿಯಿಂದ ಏಳಲಿಲ್ಲ. "ಸರ್, ತುಮ್ಹೀಚ ಲಿಹಿಲಂಯ್ ನಾ?" ಎಂದರು ಮರಾಠಿಯಲ್ಲಿ, ನೀವೇ ಬರೆದದ್ದಲ್ಲವೇ ಎಂದು. ಆ ನಯವಾದ ದನಿ ನೆನೆದರೆ ಇಂದಿಗೂ ಹಲ್ಲು ಕಡಿಯುತ್ತೇನೆ.

ಕಾಕಾ ಮತ್ತೆ ಬರಲಿಲ್ಲ. ಅವರ ಮುಖ ನೋಡುವ ಧೈರ್ಯ ನನಗೂ ಆಗಲಿಲ್ಲ... ಕೆಲವು ವರ್ಷ ಕಳೆದು ಕೊನೆಗೆ ಮಹಾಗಾಂವಕ್ಕೆ ಹೋದಾಗ ಅವರು ತೀರಿಕೊಂಡು ತಿಂಗಳಾಗಿತ್ತು. ಸೊಸೆ ನೀರು ಕೊಟ್ಟು, "ಪ್ರತಿ ಚಳಿಗಾಲ ನಿಮ್ಮ ದಾರಿ ನೋಡತಿದ್ರು ರೀ, ಮಾಸ್ತರ್ರು ಕರೀತಾರ ಅಂತ" ಎಂದಳು.

ಈಗ ಆ ಬೆಟ್ಟ ಮತ್ತೆ ಹಸಿರಾಗಿದೆ. ರಸ್ತೆಯಲ್ಲಿ ಹೋಗುವವರು ಇಳಿದು ಫೋಟೊ ತೆಗೆದುಕೊಳ್ಳುತ್ತಾರೆ. ಇನ್ನೊಂದು ಕಾಡಿಗೆ ಒಂದು ಪುಟದ ಅಭಿಪ್ರಾಯ ಬೇಕೆಂದು ಹೋದ ವಾರ ಕಚೇರಿಯಿಂದ ಫೋನ್ ಬಂತು. ಬೈದು ಇಟ್ಟುಬಿಟ್ಟೆ. ಆದರೂ ಆ ಕಾಡಿಗೆ ಹೋಗಿ ನೋಡಿಬಂದೆ. ಯಾವ ಮರ ಒಳಗಿಂದ ಸಾಯುತ್ತಿದೆಯೋ, ನನಗೆ ಒಂದೂ ತಿಳಿಯಲಿಲ್ಲ.