ಹಳೆಯ ಪೆಡಲ್‌ಗಳ ಬೆಲ್ಟಕ್ಕ

ಬೆಳಗಿನ ಐದೂವರೆ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಐವತ್ತೊಂಬತ್ತರ ಹೆಂಗಸೊಬ್ಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಬ್ಬಿಣದ ಪೆಡಲ್ ಒಂದನ್ನು ಅಂಗೈಯಲ್ಲಿ ಅದುಮುತ್ತಿದ್ದಾರೆ. ಅದುಮಿದಾಗಲೆಲ್ಲ ಉಣ್ಣೆ ಸುತ್ತಿದ ಬಡಿಗೆ ಮುಂದೆ ಬಾಗಿ, ಗೋಡೆಗೆ ಒರಗಿಸಿದ ಹಳೆಯ ದಿಂಬಿಗೆ ಧಬ್ ಎಂದು ಬಡಿಯುತ್ತದೆ. ಅವರು ತಲೆ ಓರೆ ಮಾಡಿ ಕೇಳುತ್ತಾರೆ, ಸ್ಪ್ರಿಂಗಿನ ತಿರುಪನ್ನು ಒಂದಿಷ್ಟೇ ತಿರುಗಿಸುತ್ತಾರೆ, ಮತ್ತೆ ಅದುಮುತ್ತಾರೆ.

"ಎಂಟಾದ್ರೆ ಮೇಲೆ ಟ್ಯೂಷನ್ ಮಕ್ಕಳು ಶುರು ಹಚ್ಕೊಳ್ತವೆ. ಆಮೇಲೆ ನನ್ನ ಉಸಿರೇ ನಂಗೆ ಕೇಳಲ್ಲ" ಎನ್ನುತ್ತಾರೆ, ನನ್ನ ಕಡೆ ತಿರುಗದೆ.

ಡ್ರಮ್ ಸೆಟ್ಟಿನಲ್ಲಿ ನೆಲದ ಮೇಲೆ ಅಡ್ಡ ಮಲಗಿರುವ ದೊಡ್ಡ ಡ್ರಮ್ಮನ್ನು ನೋಡಿರುತ್ತೀರಿ. ಅದನ್ನು ಬಾರಿಸುವುದು ಕೈಯಲ್ಲ, ಕಾಲು. ಕಾಲಿಗೂ ಡ್ರಮ್ಮಿಗೂ ನಡುವೆ ಇರುವುದು ಈ ಪೆಡಲ್. ಐವತ್ತು ಅರವತ್ತು ವರ್ಷ ಹಳೆಯ ಪೆಡಲ್‌ಗಳನ್ನು ಬಿಚ್ಚಿ, ತೊಳೆದು, ತುಳಿಯುವ ಹಲಗೆಯನ್ನು ಬಡಿಗೆಗೆ ಜೋಡಿಸುವ ಸವೆದ ಚರ್ಮದ ಬೆಲ್ಟು ಬದಲಿಸಿ, ಆಯಾ ವಾದಕನ ಕಾಲಿಗೆ ತಕ್ಕಂತೆ ಹದ ಮಾಡಿಕೊಡುವುದು ಇವರ ಕೆಲಸ. ಡ್ರಮ್ಮಿನವರೆಲ್ಲ ಕರೆಯುವುದು ಬೆಲ್ಟಕ್ಕ ಎಂದು. "ಕೇಳಿದೋರು ನಾನೇನೋ ಬೆಲ್ಟ್ ತಗೊಂಡು ಬಾರಿಸ್ತೀನಿ ಅನ್ಕೋಬೇಕು" ಎಂದು ನಗುತ್ತಾರೆ.

ಅಪ್ಪನದು ಹೊಲಿಗೆ ಯಂತ್ರ ರಿಪೇರಿ. ಮಗಳು ಅವರ ಪಕ್ಕದಲ್ಲೇ ಕೂತು ಕಲಿತವರು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಹೇಗೋ ಕುಂಟುತ್ತಿತ್ತು. ಇಪ್ಪತ್ತೇಳು ವರ್ಷದ ಹಿಂದೆ ಒಂದು ಸಂಜೆ, ಹೋಟೆಲಿನ ವಾದ್ಯಗೋಷ್ಠಿಯಲ್ಲಿ ಡ್ರಮ್ ಬಾರಿಸುವವರೊಬ್ಬರು ಏದುಸಿರು ಬಿಡುತ್ತ ಬಂದರಂತೆ. ಪೆಡಲಿನ ಬೆಲ್ಟು ಕಿತ್ತುಹೋಗಿತ್ತು, ಕಾರ್ಯಕ್ರಮಕ್ಕೆ ಇನ್ನು ಒಂದು ಗಂಟೆ. ಇವರು ಹೊಲಿಗೆ ಯಂತ್ರದ ಚರ್ಮದ ಹುರಿಯನ್ನು ಜೋಡಿಯಾಗಿ ಹೊಲಿದು ಹಾಕಿಕೊಟ್ಟರು. ಮಾರನೆಯ ದಿನ ಆ ಮಹಾಶಯ ಮತ್ತೆ ಬಂದು, "ಮೊದಲಿಗಿಂತ ಚೆನ್ನಾಗಿದೆಯಮ್ಮ, ಏನು ಮಾಡಿದೆ?" ಎಂದರು. ಬೆಲ್ಟಕ್ಕ ಅವರನ್ನು ಕರೆಯುವುದು ಹೋಟೆಲ್ ಮಾಸ್ಟರು ಎಂದು. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ಹೊಲಿಗೆ ಯಂತ್ರಗಳು ಹಿಂದೆ ಸರಿದವು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ. ಒಬ್ಬೊಬ್ಬ ಡ್ರಮ್ಮಿನವನಿಗೂ ತನ್ನ ತುಕ್ಕು ಹಿಡಿದ ಪೆಡಲ್ಲೇ ಪ್ರಪಂಚ. ಒಬ್ಬರಿಗೆ ಬೆಲ್ಟೇ ಬೇಕು, ಅದರ ಜಾಗದಲ್ಲಿ ಚೈನ್ ಇದ್ದರೆ ಸೈಕಲ್ ತುಳಿದ ಹಾಗೆ ಅನ್ನುತ್ತಾರೆ. ಇನ್ನೊಬ್ಬರಿಗೆ ಸ್ಪ್ರಿಂಗ್ ಎಷ್ಟು ಸಡಿಲವೆಂದರೆ ನೊಣ ಕೂತರೂ ಡ್ರಮ್ ನುಡಿಯಬೇಕು. ಮತ್ತೊಬ್ಬರಿಗೆ ಮರದ ಬಡಿಗೆ, ಅದೂ ಎಡಕ್ಕೆ ಒಂಚೂರು ವಾಲಿರಬೇಕು. ಇಂಥ ನಲವತ್ತಮೂರು ಜನರ ಬೇಕುಬೇಡಗಳನ್ನು ಬೆಲ್ಟಕ್ಕ ರಟ್ಟಿನ ಚೀಟಿಗಳಲ್ಲಿ ಬರೆದಿಟ್ಟಿದ್ದಾರೆ. ಹೆಸರಿಲ್ಲ, ಗುರುತು ಮಾತ್ರ: 'ಅವಸರದವರು', 'ಹಿಮ್ಮಡಿ ಭಾರ', 'ಕಿರ್ ಸಾಹೇಬರು'.

ಈ ಕಿರ್ ಸಾಹೇಬರ ಕತೆ ಕೇಳಿ. ಮೊದಲ ಸಲ ಪೆಡಲ್ ತಂದಾಗ ಅದು ಕಿರ್ರೆನ್ನುತ್ತಿತ್ತು. ಬೆಲ್ಟಕ್ಕ ಮನಸ್ಸಿಟ್ಟು ಎಣ್ಣೆ ಹಾಕಿ, ಬೆಣ್ಣೆಯಂತೆ ಮಾಡಿ ಕೊಟ್ಟರು. ಮೂರನೇ ದಿನ ಆ ಮನುಷ್ಯ ಅಳುಮುಖ ಮಾಡಿಕೊಂಡು ಬಂದ. "ಅಕ್ಕಾ, ಅದು ಕಿರ್ ಅಂದ್ಮೇಲೇ ನಾನು ಕೈ ಎತ್ತೋದು. ಇಪ್ಪತ್ತು ವರ್ಷದ ಅಭ್ಯಾಸ. ಈಗ ತಾಳಾನೇ ಸಿಗ್ತಿಲ್ಲ!" ಹೋದ ಕಿರುಗುಟ್ಟುವಿಕೆ ವಾಪಸು ತರಲು ಇವರಿಗೆ ಎರಡು ವಾರ ಹಿಡಿಯಿತಂತೆ. "ರಿಪೇರಿ ಸುಲಭ ಸಾರ್, ಕೆಡಿಸೋದೇ ಕಷ್ಟ."

ಒಂದು ಪೆಡಲಿಗೆ ನಾಲ್ಕು ತಾಸು. ಮೊದಲು ವಾರಕ್ಕೆ ಒಂಬತ್ತು ಬರುತ್ತಿದ್ದವು, ಈಗ ಮೂರು. ಬರುವವರಲ್ಲಿ ಹೆಚ್ಚಿನವರು ಬಾಗಿಲಲ್ಲೇ ನಿಂತು ಚೀಲ ಕೊಟ್ಟು, "ಗುರುವಾರ ಬರ್ತೀನಕ್ಕ" ಎಂದು ಗಾಡಿ ಏರುತ್ತಾರೆ. ಕೂರಲು ಅವರಿಗೆ ಪುರಸೊತ್ತಿಲ್ಲ. ಮದುವೆಯ ಗೋಜಿಗೆ ಹೋಗದ ಇವರು ಕೆಲಸದ ಕೋಣೆಯ ಹಿಂದೆಯೇ ಒಲೆ, ಹಾಸಿಗೆ ಇಟ್ಟುಕೊಂಡಿದ್ದಾರೆ. ತಮ್ಮನ ಮನೆ ಎರಡು ಬೀದಿ ಆಚೆ. ಅವನು ದಿನಾ ಫೋನಿನಲ್ಲಿ "ಬಾಗಿಲು ಹಾಕಿ ಬಂದ್ಬಿಡಕ್ಕ" ಅನ್ನುತ್ತಾನೆ. "ಅಲ್ಲಿ ಹೋಗಿ ಏನ್ಮಾಡ್ಲಿ? ಮಾತಾಡೋಕೆ ಜನ ಇದಾರೆ, ನನ್ನ ಮಾತು ಬೇಕಾದೋರು ಇಲ್ಲ." ಒಮ್ಮೆ ಮಾತ್ರ ಕಾರ್ಯಕ್ರಮ ನೋಡಲು ಹೋಗಿದ್ದರಂತೆ. ಮುಂದಿನ ಸಾಲಿನಲ್ಲೇ ಜಾಗ. ಆದರೆ ವಾದಕನ ಕಾಲು ಡ್ರಮ್ಮಿನ ಹಿಂದೆ ಮರೆಯಾಗಿತ್ತು. ಜನ ಕೈ ನೋಡಿ ಚಪ್ಪಾಳೆ ತಟ್ಟಿದರು, ಇವರು ಎದ್ದು ಬಂದರು.

ಪೆಡಲನ್ನು ಕೈಯಲ್ಲಿ ಅದುಮಿ ನೋಡುವುದೇಕೆ ಎಂದು ಎರಡು ಸಲ ಕೇಳಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳಿದರು. ಮೂರನೆಯ ಸಲ ಕೇಳಿದಾಗ ಬಲಗಾಲಿನ ಕಾಲುಚೀಲ ಎಳೆದು ತೋರಿಸಿದರು. ಅಂಗಾಲಿನಲ್ಲಿ ಒಣಗಿದ ಗಾಯ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋಗಿದೆ. ಇಷ್ಟು ವರ್ಷ ಪ್ರತಿ ಪೆಡಲನ್ನೂ ಬರಿಗಾಲಲ್ಲಿ ತುಳಿದೇ ಹದ ಹಿಡಿಯುತ್ತಿದ್ದವರು. "ಒಂಬತ್ತು ತಿಂಗಳ ಹಿಂದೆ ವಾಷರ್ ಚೂರು ಚುಚ್ಕೊಂಡಿತ್ತು. ಹಲಗೆ ಮೇಲೆ ಕೆಂಪು ಕಂಡ್ಮೇಲೇ ಗೊತ್ತಾಗಿದ್ದು. ಎಡಗಾಲಲ್ಲಿ ತುಳ್ದು ನೋಡ್ದೆ. ಅದು ದಡ್ಡ ಕಾಲು ಸಾರ್, ಏನೂ ಕಲ್ತಿಲ್ಲ."

ಯಾರಿಗೂ ಹೇಳಲಿಲ್ಲ. ಚೀಟಿ ನೋಡಿ, ಅಂಗೈ ನಂಬಿ ಐದು ತಿಂಗಳು ದೂಡಿದರು. ಹೋಟೆಲ್ ಮಾಸ್ಟರಿಗೆ ಈಗ ಅರವತ್ತೆಂಟು. ಅವರ ಪೆಡಲ್ ಮೂರು ಸಲ ವಾಪಸು ಬಂತು. ಮೂರನೆಯ ಸಲ ಅವರು, "ಎಲ್ಲ ಸರಿಯಾಗಿದೆ. ಆದ್ರೆ ಇದರಲ್ಲಿ ನೀನಿಲ್ಲಮ್ಮ" ಎಂದುಬಿಟ್ಟರು. ಬೆಲ್ಟಕ್ಕನಿಗೆ ತಡೆಯಲಾಗಲಿಲ್ಲ, ಕಾಲಿನ ವಿಷಯ ಹೇಳಿ ಅತ್ತುಬಿಟ್ಟರು. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲವಂತೆ.

ಮಾಸ್ಟರು ಬೂಟು ಬಿಚ್ಚಿದರು. ಸ್ಟೂಲ್ ಎಳೆದುಕೊಂಡು ಪೆಡಲಿನ ಮೇಲೆ ಕಾಲಿಟ್ಟರು. "ಕೇಳು, ಹೇಳ್ತೀನಿ. ಇಳೀವಾಗ ಸರಿ ಇದೆ. ಏಳೋವಾಗ ಸೋಮಾರಿ." ಇವರು ತಿರುಪು ತಿರುಗಿಸಿದರು. "ಈಗ ಅತಿ ಆಯ್ತು, ಕಾಲಿನ ಬೆನ್ನು ಹತ್ತಿ ಬರ್ತಿದೆ." ಮತ್ತೆ ಸಡಿಲಿಸಿದರು. ಅವರು ತುಳಿದು ಹೇಳುವುದು, ಇವರು ಕೇಳಿ ತಿದ್ದುವುದು, ನಡುನಡುವೆ ಹಳೆಯ ಹೋಟೆಲಿನ ಮಾತು, ತೀರಿಹೋದ ಪಿಟೀಲಿನವರ ಮಾತು. ಎರಡು ತಾಸು. "ಇಪ್ಪತ್ತೇಳು ವರ್ಷದಲ್ಲಿ ಒಬ್ರು ಇಲ್ಲಿ ಅಷ್ಟು ಹೊತ್ತು ಕೂತಿದ್ದು ಅವತ್ತೇ ಮೊದ್ಲು. ಅವರು ಹೋದ್ಮೇಲೆ ಸ್ಟೂಲ್ ಎತ್ತಿಡೋಕೆ ಮನಸ್ಸೇ ಬರ್ಲಿಲ್ಲ."

ಆಮೇಲೆ ಹನ್ನೊಂದು ಮಂದಿಗೆ ವಿಷಯ ಹೇಳಿದ್ದಾರೆ. ಆರು ಜನ ಬಂದು ಕೂತು, ತುಳಿದು ಹೇಳುತ್ತಾರೆ. ಐವರು "ಅಯ್ಯೋ ಪಾಪ" ಎಂದು ಹೊಸ ಪೆಡಲ್ ಕೊಂಡರು. ಉಳಿದವರಿಗೆ ಹೇಳುವ ಧೈರ್ಯ ಸಾಲದೆ, ಅವರ ಪೆಡಲ್‌ಗಳನ್ನು ಇವತ್ತಿಗೂ ಅಂಗೈಯಲ್ಲೇ ಅದುಮುತ್ತಿದ್ದಾರೆ. ಅವರೂ ಹೋದರೆ ಈ ಬಾಗಿಲು ಮುಚ್ಚಬೇಕು, ತಮ್ಮನ ಮನೆಯ ಮೂಲೆ ಹಿಡಿಯಬೇಕು. "ಕಾಲಿನ ವಿಷಯ ಪೇಪರಿಗೆ ಹಾಕಲ್ಲ, ಬಿಟ್ಟುಬಿಡ್ತೀನಿ" ಎಂದೆ.

ಅವರು ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಯಲ್ಲಿ ಒಂದೊಂದೇ ಬೆರಳಿನಿಂದ ಒರೆಸುತ್ತಾರೆ. ಮೇಲೆ ಟ್ಯೂಷನ್ನಿನವರ ಮೊದಲ ಬೆಂಚು ಸರಿದ ಸದ್ದು.

"ಹಾಕಿ ಸಾರ್" ಎನ್ನುತ್ತಾರೆ ಕೊನೆಗೆ. "ಕಾಲು ಹೋಗಿದೆ ಅಂತಾನೇ ಹಾಕಿ, ಸುತ್ತಿ ಬಳಸಿ ಬೇಡ. ಕೊಟ್ಟು ಓಡೋರು ಬೇರೆ ಕಡೆ ನೋಡ್ಕೊಳ್ಲಿ. ನನ್ನ ಹತ್ರ ಬಂದ್ರೆ ಚಪ್ಪಲಿ ಬಿಚ್ಚಿ ಕೂತ್ಕೋಬೇಕು, ಅರ್ಧ ಗಂಟೆ ಆದ್ರೂ." ಸಣ್ಣ ದನಿಯಲ್ಲಿ ಸೇರಿಸುತ್ತಾರೆ: "ಇನ್ನೂ ಹೆಚ್ಚು ಹೊತ್ತಾದ್ರೂ ಪರವಾಗಿಲ್ಲ ಅಂತಾನೂ ಬರೀರಿ."